ಹನ್ನೆರಡು ಹೆಸರು, ಹನ್ನೊಂದು ನಂಬರು

ಪಾರ್ಸೆಲ್ ವಿಂಗಡಿಸುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಸರ್ಟಿಫಿಕೇಟಣ್ಣ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಅವನ ನಂತರ ಬಂದವರು ಅವನ ಕೈಯಲ್ಲೇ ಕೆಲಸ ಕಲಿತು, ಅವನಿಗಿಂತ ಮೇಲೇರಿ, ಅವನಿಗೇ ನಾಲ್ಕು ಬುದ್ಧಿಮಾತು ಹೇಳಿ ಬೇರೆ ಕಚೇರಿಗೆ ವರ್ಗವಾಗಿ ಹೋಗಿದ್ದರು. ಅವನು ಮಾತ್ರ ಬಾಗಿಲ ಪಕ್ಕದ ಅದೇ ಮೇಜಿನಲ್ಲಿ, ಬಂದವರೆಲ್ಲ ತಪ್ಪದೆ ಮೊಣಕಾಲು ತಗುಲಿಸಿಕೊಳ್ಳುವ ಅದೇ ಡ್ರಾಯರಿನ ಹಿಂದೆ ಕೂತಿದ್ದ.

ಹೋದ ವರ್ಷ ಮೂರು ದಿನದ ಕಂಪ್ಯೂಟರ್ ತರಬೇತಿಗೆ ಯಾರೂ ಹೋಗಲು ಒಪ್ಪದಿದ್ದಾಗ ಅವನನ್ನು ಕಳಿಸಿದರು. ಕಂಪ್ಯೂಟರಿನೊಳಗೆ ತುಂಬಿಟ್ಟ ಮಾಹಿತಿಯನ್ನು ಅದಕ್ಕೆ ತಿಳಿಯುವ ಭಾಷೆಯಲ್ಲೇ ಕೇಳಿ ಹೊರಗೆ ತೆಗೆಯುವ ವಿದ್ಯೆ ಅದು. ಕೇಳುವ ಪ್ರಶ್ನೆಗೆ ಕ್ವೆರಿ ಎಂದು ಹೆಸರು. ಮೂರನೆಯ ದಿನ ಊಟವಾದ ಮೇಲೆ ಏನು ಪಾಠ ನಡೆಯಿತೆಂಬುದು, ಕಣ್ಣು ಮುಚ್ಚಿದ್ದ ಕಾರಣ, ಅವನಿಗೆ ತಿಳಿಯಲಿಲ್ಲ. ಆದರೆ ಸರ್ಟಿಫಿಕೇಟಿನಲ್ಲಿ ಆ ವಿಷಯ ಬರೆದಿರಲಿಲ್ಲ. ಅದಕ್ಕೆ ಕಟ್ಟು ಹಾಕಿಸಿ ಮೇಜಿನ ಮೇಲೆ ನಿಲ್ಲಿಸಿದ. ಅಂದಿನಿಂದ ಈ ಹೆಸರು ಬಂತು. ಅದರಲ್ಲಿ ಗೌರವವಿದೆ ಎಂದು ನಂಬಿದ್ದವನು ಇಡೀ ಕಚೇರಿಯಲ್ಲಿ ಅವನೊಬ್ಬನೇ.

ಹೊಸ ಸಾಹೇಬರು ಬಂದು ಒಂದು ತಿಂಗಳಾಗಿತ್ತು. ಊರು ಬದಲಿಸುವ ಗಡಿಬಿಡಿಯಲ್ಲಿ ಅವರ ಕನ್ನಡಕ ಟ್ರಂಕಿನ ಕೆಳಗೆ ಸಿಕ್ಕಿ ಪುಡಿಯಾಗಿತ್ತು. ಬಂದ ಕಾಗದವನ್ನೆಲ್ಲ ಹೆಡ್‌ಕ್ಲರ್ಕ್ ಮೇಡಂ ತಮ್ಮ ಹಳೆಯ ಕನ್ನಡಕದಲ್ಲಿ ಓದಿ ಹೇಳುತ್ತಿದ್ದರು. ಹೀಗಿರುವಾಗ ಒಂದು ದಿನ ಸಾಹೇಬರು ಹಜಾರದಲ್ಲಿ ನೀಲಿ ಅಂಗಿ ತೊಟ್ಟಿದ್ದ ಸರ್ಟಿಫಿಕೇಟಣ್ಣನ ಎದುರು ನಿಂತು, "ಮುಂದಿನ ತಿಂಗಳಿಂದ ಮಾಹಿತಿ ವಿಭಾಗ ಅಂತ ಶುರು ಮಾಡ್ತಿದೀವಿ. ಆ ಕಿಟಕಿ ಇರೋ ಕೋಣೆ. ನಿಮ್ಮ ಕೆಲಸ ಗಮನಿಸಿದೀನಿ. ಅದು ನಿಮಗೇ," ಎಂದು ಹೇಳಿ ಹೋದರು. ಅವನಿಗೆ ಸಂತೋಷದಲ್ಲಿ ಬಾಯಿಂದ ಮಾತೇ ಹೊರಡಲಿಲ್ಲ. ಅಂದು ಸಂಜೆ ಮನೆಗೆ ಹೋಗುವಾಗ ನಡೆಯುವ ರೀತಿಯೇ ಬೇರೆಯಾಗಿತ್ತು. ಹೆಂಡತಿ ಬಾಗಿಲು ತೆಗೆದು, "ಏನ್ರೀ, ಬೆನ್ನು ಹಿಡ್ಕೊಂಡಿದೆಯಾ?" ಎಂದು ಕೇಳಿದಳು.

ಸಾಹೇಬರು ತಮ್ಮ ಕಣ್ಣಿನ ಕಷ್ಟದಿಂದ ಎಲ್ಲರ ಕಣ್ಣಿನ ಬಗ್ಗೆಯೂ ಯೋಚಿಸತೊಡಗಿ, ಕಚೇರಿಯ ಹನ್ನೆರಡೂ ಜನರಿಗೆ ಕಣ್ಣಿನ ಪರೀಕ್ಷೆ, ಆಮೇಲೆ ಕಚೇರಿಯಿಂದಲೇ ಕನ್ನಡಕ ಎಂದು ಆಜ್ಞೆ ಮಾಡಿದರು. ಕಚೇರಿಯ ಮಂಜೂರಾದ ಅಂಗಡಿಗಳ ಪಟ್ಟಿಯಲ್ಲಿದ್ದ ಕನ್ನಡಕದ ಅಂಗಡಿ ಒಂದೇ. ಅದು ಸರ್ಟಿಫಿಕೇಟಣ್ಣನ ಹೆಂಡತಿಯ ಅಣ್ಣನದು. ಆ ಪಟ್ಟಿಗೆ ಸೇರಲು ಭಾವ ಆರು ವರ್ಷ ಅರ್ಜಿ ಹಾಕಿದ್ದರು. ಸೇರಿದ ಆದೇಶವನ್ನು ಅಂಗಡಿಯ ಗೋಡೆಗೆ ತೂಗುಹಾಕಿದ್ದರು. ಆ ಮನೆತನಕ್ಕೇ ಕಾಗದಕ್ಕೆ ಕಟ್ಟು ಹಾಕಿಸುವ ಗೀಳು ಇದ್ದಂತಿತ್ತು, ಅಳಿಯನಿಗೂ ಅಂಟಿತ್ತು.

ಪರೀಕ್ಷೆ ಈ ಕಚೇರಿಗೆ ಸೇರಿದ ದಿನಾಂಕದ ಸರದಿಯಲ್ಲಿ ನಡೆಯಬೇಕೆಂದು ಮೇಡಂ ಪಟ್ಟಿ ಮಾಡಿದರು. ಹಾಗಾಗಿ ಸರ್ಟಿಫಿಕೇಟಣ್ಣ ಜೀವನದಲ್ಲಿ ಮೊದಲ ಸಲ ಮೊದಲನೆಯವನಾದ. ಭಾವ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎದುರಿನ ಅಕ್ಷರಗಳ ಹಲಗೆ ತೋರಿಸಿದರು. ಅವನು ಮೇಲಿನ ದಪ್ಪ ಅಕ್ಷರದಿಂದ ಕೆಳಗಿನ ಸಾಸಿವೆಯಂಥ ಅಕ್ಷರದವರೆಗೆ ಓದಿ, ಅದರ ಕೆಳಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿಬಿಟ್ಟ.

"ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣಯ್ಯಾ. ಹದ್ದಿನ ಕಣ್ಣು," ಎಂದರು ಭಾವ.

ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಅವನ ಮುಖ ಬಾಡಿತು. "ಭಾವ, ಎಲ್ಲರಿಗೂ ಕನ್ನಡಕ ಬಂದು ನನಗೊಬ್ಬನಿಗೆ ಬರಲಿಲ್ಲ ಅಂದ್ರೆ? ಹತ್ತೊಂಬತ್ತು ವರ್ಷ ಫೈಲ್ ನೋಡಿದವನ ಕಣ್ಣು ಕೆಡದೆ ಹೇಗಿದೆ ಅಂತ ಕೇಳೋದಿಲ್ವಾ? ಇವನು ಫೈಲೇ ತೆಗೆದಿಲ್ಲ ಅಂತ ಆಗುತ್ತೆ. ಅದೂ ಅಲ್ಲದೆ, ಮಾಹಿತಿ ವಿಭಾಗದ ಮುಖ್ಯಸ್ಥ... ಬರೀ ಮುಖದಲ್ಲಿ..."

"ಸರಿ ಮಾರಾಯಾ. ನಿನಗೆ ಬರೀ ಗಾಜು ಹಾಕಿಸ್ತೀನಿ. ಸೊನ್ನೆ ಅಂತ ಬರ್ಕೋತೀನಿ."

"ಸೊನ್ನೆ ಬೇಡ ಭಾವ! ಸ್ಕೂಲಲ್ಲೇ ಬೇಕಾದಷ್ಟು ಬಂದಿವೆ. ಈ ವಯಸ್ಸಲ್ಲಿ ಇನ್ನೊಂದು ಯಾಕೆ?"

"ಹಾಗಾದ್ರೆ ಖಾಲಿ ಬಿಡ್ತೀನಿ. ಖಾಲಿ ಇದ್ರೆ ಬರೀ ಗಾಜು ಅಂತ ಗಾಜು ಕೊರೆಯೋರಿಗೆ ಗೊತ್ತು."

ಹೀಗೆ ಭಾವನ ರಿಜಿಸ್ಟರಿನಲ್ಲಿ ಮೊದಲನೆಯ ಚೌಕ ಖಾಲಿ ಉಳಿಯಿತು. ಅದರ ಕೆಳಗೆ, ಅದೇ ಸರದಿಯಲ್ಲಿ, ಉಳಿದ ಹನ್ನೊಂದು ಜನರ ನಂಬರುಗಳು ಬಂದವು.

ಮೇಡಂ ಹತ್ತಿರ ಹೆಸರಿನ ಪಟ್ಟಿ ಇತ್ತು, ಭಾವನ ರಿಜಿಸ್ಟರಿನಲ್ಲಿ ನಂಬರಿನ ಪಟ್ಟಿ ಇತ್ತು. ಎರಡನ್ನೂ ಸೇರಿಸಿ ಒಂದು ಮಾಡಿ, ಕಚೇರಿಯ ಮೊಹರು ಒತ್ತಿ, ಗಾಜು ಕೊರೆಯುವವರಿಗೆ ಕಳಿಸಬೇಕಿತ್ತು.

"ಹನ್ನೆರಡು ಸಾಲು ತಾನೆ," ಎಂದರು ಮೇಡಂ. "ಕೊಡಿ, ಕೈಯಲ್ಲೇ ಬರೆದುಬಿಡ್ತೀನಿ. ಹತ್ತು ನಿಮಿಷದ ಕೆಲಸ."

"ಕೈಯಲ್ಲಿ?" ಸರ್ಟಿಫಿಕೇಟಣ್ಣ ನೊಂದವನಂತೆ ನಕ್ಕ. "ಮೇಡಂ, ಇವು ಎರಡು ಅರೇಗಳು. ಅರೇ ಅಂದ್ರೆ ಸಾಲಾಗಿ ಜೋಡಿಸಿಟ್ಟ ಡಬ್ಬಿಗಳು ಅಂದ್ಕೊಳ್ಳಿ. ಅರೇಗಳನ್ನ ಕೈಯಲ್ಲಿ ಮುಟ್ಟಬಾರದು. ಕ್ವೆರಿ ಬರೀಬೇಕು."

ಹತ್ತು ನಿಮಿಷದ ಕೆಲಸಕ್ಕೆ ಅವನು ನಾಲ್ಕು ದಿನ ತೆಗೆದುಕೊಂಡ. ಮೊದಲ ದಿನ ಎರಡು ಸಾಲುಗಳನ್ನು ಒಂದರ ಹಿಂದೆ ಒಂದು ಅಂಟಿಸುವ ಕ್ವೆರಿ ಬರೆದ. ಹನ್ನೆರಡು ಹೆಸರು ಮುಗಿದ ಮೇಲೆ, ಮದುವೆಗೆ ತಡವಾಗಿ ಬಂದ ನೆಂಟರಂತೆ, ನಂಬರುಗಳೆಲ್ಲ ಬಾಲದಲ್ಲಿ ಬಂದು ನಿಂತವು. ಎರಡನೆಯ ದಿನ ಸಾಲುಗಳನ್ನು ಕಲಸಿ ಒಂದು ಮಾಡುವ ಇನ್ನೊಂದು ವಿಧಾನ ಹಿಡಿದ. ಅದು ಒಂದೇ ಥರದ್ದು ಎರಡಿದ್ದರೆ ಒಂದನ್ನು ಕಿತ್ತೆಸೆಯುವ ವಿಧಾನ. ಮೂವರಿಗೆ ಒಂದೇ ನಂಬರು ಇದ್ದದ್ದರಿಂದ ಕಂಪ್ಯೂಟರು ಮೂವರಿಗೂ ಸೇರಿ ಒಂದು ಕನ್ನಡಕ ಸಾಕೆಂದು ತೀರ್ಮಾನಿಸಿತು. ಮೂರನೆಯ ದಿನ ಏನೂ ಬರಲಿಲ್ಲ, ಕರೆಂಟು ಇರಲಿಲ್ಲ. ನಾಲ್ಕನೆಯ ದಿನ, ಜೋಡಿ ಮಾಡುವ ಕ್ವೆರಿ ನೆನಪಾಯಿತು. ಈ ಸಾಲಿನ ಮೊದಲನೆಯದಕ್ಕೆ ಆ ಸಾಲಿನ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು, ಅಂಗಿಯ ಗುಂಡಿ ಹಾಕಿದ ಹಾಗೆ. ಒತ್ತಿದ ಕೂಡಲೇ ಹೆಸರು, ಎದುರಿಗೆ ನಂಬರು, ಅಂದವಾಗಿ ಬಂದು ಕೂತವು. ಯಂತ್ರ ಒಂದು ತಪ್ಪನ್ನೂ ತೋರಿಸಲಿಲ್ಲ. ಅವನೂ ನೋಡಲಿಲ್ಲ. ಮೊಹರು ಒತ್ತಿಸಿ ಅಂಗಡಿಗೆ ಕೊಟ್ಟ.

ಭಾವ ಲಕೋಟೆಯನ್ನು ತೆರೆಯಲೂ ಇಲ್ಲ. "ಕಂಪ್ಯೂಟರ್ ಮಾಡಿದ್ದು, ಮನೆಯ ಅಳಿಯ ಮಾಡಿಸಿದ್ದು. ನಾನ್ಯಾಕೆ ನೋಡ್ಲಿ?" ಎಂದು ಗಾಜು ಕೊರೆಯುವವರಿಗೆ ಹಾಗೇ ರವಾನಿಸಿದರು.

ಹತ್ತು ದಿನಕ್ಕೆ ಕನ್ನಡಕಗಳು ಬಂದವು. ಎಲ್ಲರಿಗೂ ಒಂದೇ ಅಚ್ಚಿನ ಕಪ್ಪು ಫ್ರೇಮು, ಪೆಟ್ಟಿಗೆಯ ಮೇಲೆ ಹೆಸರು. ಹಳೆಯ ಕನ್ನಡಕಗಳನ್ನು ಸಾಹೇಬರ ಆಜ್ಞೆಯಂತೆ ಅಂಗಡಿಗೆ ವಾಪಸು ಕೊಟ್ಟಾಗಿತ್ತು. ಸರ್ಟಿಫಿಕೇಟಣ್ಣ ತನ್ನದನ್ನು ಹಾಕಿಕೊಂಡು ಕಣ್ಣು ತೆರೆದ. ಕಚೇರಿ ಕಾಣೆಯಾಗಿತ್ತು. ಅದರ ಜಾಗದಲ್ಲಿ ದೂರದಲ್ಲೆಲ್ಲೋ ಸಣ್ಣ ಸಣ್ಣ ಬಣ್ಣಗಳು ತೇಲುತ್ತಿದ್ದವು. ಬರೀ ಗಾಜಿಗೆ ಇಷ್ಟು ಶಕ್ತಿಯಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಸುತ್ತಲಿಂದ ದನಿಗಳು ಕೇಳಿದವು.

"ಸರ್ಟಿಫಿಕೇಟಣ್ಣಾ, ನನಗೆ ತಕ್ಕಡಿ ಮುಳ್ಳು ಕಾಣ್ತಿಲ್ಲ," ಎಂದರು ಪಾರ್ಸೆಲ್ ತೂಗುವವರು. ಅವರ ಜೀವಮಾನವೆಲ್ಲ ಬಾಟಲಿಯ ತಳದಷ್ಟು ದಪ್ಪ ಗಾಜಿನ ಹಿಂದೆ ಕಳೆದಿತ್ತು.

"ನನಗೆ ಎರಡೆರಡು ಕಾಣುತ್ತಪ್ಪ," ಎಂದರು ಮೊಹರು ಒತ್ತುವವರು. "ನಿನ್ನನ್ನ ನೋಡಿದ್ರೆ ಇಬ್ಬರು ಸರ್ಟಿಫಿಕೇಟಣ್ಣಂದಿರು. ಒಬ್ಬನೇ ಸಾಕಾಗಿತ್ತು."

ಸರ್ಟಿಫಿಕೇಟಣ್ಣ ದನಿ ಬಂದ ದಿಕ್ಕಿಗೆ ತಿರುಗಿ, ಕೋಟು ತೂಗುಹಾಕುವ ಕಂಬವನ್ನು ಉದ್ದೇಶಿಸಿ ಗಂಭೀರವಾಗಿ ಹೇಳಿದ: "ನೋಡಿ, ನಂಬರು ಕಂಪ್ಯೂಟರ್ ಕೊಟ್ಟಿದ್ದು. ತಪ್ಪಾಗೋಕೆ ಸಾಧ್ಯವೇ ಇಲ್ಲ. ನಿಮ್ಮ ಕಣ್ಣುಗಳು ಹಳೆಯವು, ನಂಬರು ಹೊಸದು. ಮೂರು ದಿನ ತೆಗೀದೆ ಹಾಕ್ಕೊಳ್ಳಿ, ಕಣ್ಣೇ ದಾರಿಗೆ ಬರುತ್ತೆ."

ಇಷ್ಟು ಧೈರ್ಯವಾಗಿ ಯಾರಾದರೂ ಹೇಳಿದರೆ ಜನ ನಂಬುತ್ತಾರೆ. ಸಾಹೇಬರೂ ತಮ್ಮ ಹೊಸ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, ಎರಡರಲ್ಲೂ ವ್ಯತ್ಯಾಸ ಕಾಣದೆ, ಅದನ್ನು ಹೇಳಿದರೆ ಅಧಿಕಾರಕ್ಕೆ ಕುಂದೆಂದು, "ಹಗುರವಾಗಿದೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಮೂರು ದಿನ ಆ ಕಚೇರಿ ನಡೆದದ್ದನ್ನು ನಡೆಯಿತು ಎನ್ನುವುದಕ್ಕಿಂತ ತಡವರಿಸಿತು ಎನ್ನಬೇಕು. ತೊಟ್ಟಿಲೊಂದು ಅವಿವಾಹಿತರ ಹಾಸ್ಟೆಲಿಗೆ ಹೋಯಿತು. ಅಲ್ಲಿನ ಹದಿನಾರು ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಕೂತರಂತೆ. ಬ್ಯಾಂಡಿನವರ ದೊಡ್ಡ ಡೋಲು ಹೆರಿಗೆ ಆಸ್ಪತ್ರೆಗೆ ಹೋಯಿತು. ಮೊಹರು ಒತ್ತುವವರು ಎರಡರಲ್ಲಿ ನಿಜವಾದ ಪಾರ್ಸೆಲ್ ಯಾವುದೆಂದು ತಿಳಿಯದೆ ಎಡಗೈ ಹೆಬ್ಬೆರಳಿಗೆ 'ತುರ್ತು' ಎಂದು ಒತ್ತಿಕೊಂಡರು.

ಸರ್ಟಿಫಿಕೇಟಣ್ಣ ತಾನು ಹೇಳಿದ ನಿಯಮವನ್ನು ತಾನೇ ಮುರಿಯುವುದು ಹೇಗೆಂದು ಮೂರು ದಿನವೂ ಕನ್ನಡಕ ತೆಗೆಯಲಿಲ್ಲ. ಎರಡನೆಯ ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ಕಾಲು ಚಾಚಿ, "ಲೇ, ಒಂದು ಟೀ ಕೊಡು. ತಲೆ ಸಿಡೀತಿದೆ," ಎಂದ.

ಟೀ ಬಂತು. ಕುಡಿದ. "ಸಕ್ಕರೆ ಕಡಿಮೆಯಾಯ್ತು ಕಣೆ."

"ನನಗೆ ಡಾಕ್ಟರು ಸಕ್ಕರೆ ಬೇಡ ಅಂದಿದಾರಪ್ಪ," ಎಂದಿತು ಒಂದು ಗಂಡಸಿನ ದನಿ. ಅದು ಪಕ್ಕದ ಮನೆಯ ನಿವೃತ್ತ ಮೇಷ್ಟರದ್ದು. "ನಮ್ಮ ಮನೇಲಿ ಇರೋದು ಹೀಗೇ. ಬೇಕಾದ್ರೆ ನಿಮ್ಮ ಮನೆಯಿಂದ ಒಂದು ಚಮಚ ತರಿಸೋಣ. ಆದ್ರೆ ಆ ಕಾಲು ಮಾತ್ರ ನನ್ನ ತೊಡೆ ಮೇಲಿಂದ ತೆಗಿ."

ಗೋಡೆಯಾಚೆಯಿಂದ ಹೆಂಡತಿ ಬಂದು ಕೈಹಿಡಿದು ಕರೆದುಕೊಂಡು ಹೋದಳು. "ರೀ, ಅದನ್ನ ತೆಗೀರಿ."

"ಇನ್ನೊಂದೇ ದಿನ ಕಣೆ. ಕಣ್ಣು ದಾರಿಗೆ ಬರ್ತಿದೆ."

"ಕಣ್ಣಿನ ಮಾತು ಆಮೇಲೆ. ಮೊದಲು ನೀವು ಮನೆ ದಾರಿಗೆ ಬನ್ನಿ."

ಮೂರನೆಯ ದಿನ ಸಂಜೆಗೆ ಅವಳ ನಗು ನಿಂತಿತು. ಹಾಸ್ಟೆಲಿನವರ ದೂರು, ಆಸ್ಪತ್ರೆಯವರ ದೂರು ಎರಡೂ ಸಾಹೇಬರ ಮೇಜಿಗೆ ಬಂದಿದ್ದವು. ಸಾಹೇಬರು ಸಿಡಿದೆದ್ದು, ಕನ್ನಡಕ ಮಾಡಿದವರದೇ ತಪ್ಪು, ನಾಡಿದ್ದು ಹನ್ನೊಂದು ಗಂಟೆಗೆ ಅಂಗಡಿಯವರು ಹಾಜರಾಗಬೇಕು, ಅವರ ಹೆಸರನ್ನು ಮಂಜೂರಾದ ಪಟ್ಟಿಯಿಂದ ಹೊಡೆದುಹಾಕುವುದು ಎಂದು ಆದೇಶ ಬರೆಸಿದ್ದರು. ಭಾವ ತಂಗಿಯ ಮನೆಗೆ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬಾ ಅಂದರೂ ಬರಲಿಲ್ಲ.

"ನನ್ನ ರಿಜಿಸ್ಟರು ನಿನ್ನ ಹತ್ತಿರ ಇದೆ. ನಾಡಿದ್ದು ತಗೊಂಡು ಬಾ," ಎಂದರು. "ಮೂವತ್ತು ವರ್ಷದಲ್ಲಿ ಒಂದು ನಂಬರು ತಪ್ಪಿಲ್ಲ ಕಣಯ್ಯಾ. ಹನ್ನೆರಡೂ ಹೇಗೆ ತಪ್ಪಿತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಹೆಂಡತಿ ಅಣ್ಣ ಹೋದ ದಾರಿಯನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಪಾತ್ರೆ ತೊಳೆದಳು. ಆ ಪಾತ್ರೆಗಳು ಆಗಲೇ ತೊಳೆದಿದ್ದವು.

ಮರುದಿನ ರಜೆ. ಸರ್ಟಿಫಿಕೇಟಣ್ಣ ಬಾಗಿಲು ಮುಚ್ಚಿಕೊಂಡು ಕನ್ನಡಕ ತೆಗೆದು ರಿಜಿಸ್ಟರು ಬಿಚ್ಚಿದ. ಪಕ್ಕದಲ್ಲಿ ತಾನು ಮಾಡಿದ ಪಟ್ಟಿ ಇಟ್ಟ. ರಿಜಿಸ್ಟರಿನ ಮೊದಲ ಚೌಕ ಖಾಲಿ, ಅದು ಅವನದು. ಪಟ್ಟಿಯಲ್ಲಿ ಮಾತ್ರ ಅವನ ಹೆಸರಿನ ಎದುರು ದೊಡ್ಡದೊಂದು ನಂಬರು, ಅದು ತೂಗುವವರದ್ದು. ತೂಗುವವರ ಎದುರು ಮೇಡಂ ನಂಬರು, ಮೇಡಂ ಎದುರು ಅವರ ನಂತರದವರದ್ದು. ಹೀಗೆ ಒಬ್ಬರದು ಇನ್ನೊಬ್ಬರಿಗೆ ಜಾರುತ್ತ ಜಾರುತ್ತ, ಕೊನೆಯಲ್ಲಿ, ಈಚೆಗೆ ಬಂದವರಾದ ಸಾಹೇಬರ ಹೆಸರಿನ ಎದುರು ಏನೂ ಇರಲಿಲ್ಲ.

ಆಗ ಅವನಿಗೆ ತರಬೇತಿಯ ಮೂರನೆಯ ದಿನದ ಮಧ್ಯಾಹ್ನ ನೆನಪಾಯಿತು. ನಿದ್ದೆಗೆ ಜಾರುವ ಮುನ್ನ ಮಾಸ್ತರರ ಬಾಯಿಂದ ಬಿದ್ದ ಕೊನೆಯ ಮಾತು: "ಖಾಲಿ ಚೌಕಗಳ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ, ಯಾಕಂದ್ರೆ..." ಯಾಕೆಂಬುದು ಈಗ ತಿಳಿಯಿತು. ಸಾಲು ಕಟ್ಟುವಾಗ ಯಂತ್ರ ಖಾಲಿ ಚೌಕವನ್ನು ಎಣಿಸದೆ ಬಿಟ್ಟು, ಉಳಿದವರನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಿತ್ತು. ಸೊನ್ನೆ ಬರೆದಿದ್ದರೆ ಅದೂ ಒಂದು ನಂಬರೇ; ಜಾಗ ಹಿಡಿದು ಕೂರುತ್ತಿತ್ತು. ಸೊನ್ನೆಗಿಂತ ತಾನು ಮೇಲು ಎಂದುಕೊಂಡವನು ಲೆಕ್ಕಕ್ಕೇ ಇಲ್ಲದವನಾಗಿದ್ದ. ತಾನು ಇಲ್ಲದಂತಾಗಿ ಇಷ್ಟು ಜನರನ್ನು ಹಾಳು ಮಾಡಬಹುದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಇದ್ದುಕೊಂಡು ಇಷ್ಟು ಮಾಡಲು ಹತ್ತೊಂಬತ್ತು ವರ್ಷದಲ್ಲಿ ಅವನಿಂದ ಆಗಿರಲಿಲ್ಲ.

ಬಾಯಿ ಬಿಟ್ಟರೆ ಕಿಟಕಿಯ ಕೋಣೆ ಹೋಗುತ್ತದೆ. ಬಿಡದಿದ್ದರೆ ಭಾವನ ಅಂಗಡಿಯ ಹೆಸರು ಹೋಗುತ್ತದೆ. ಅಂದು ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಊಟವಾದ ಮೇಲೆ ಅವನು ಒಂದು ಹಾಳೆ ತೆಗೆದುಕೊಂಡ. ಬಾಯಲ್ಲಿ ಹೇಳುವ ಧೈರ್ಯವಂತೂ ಇರಲಿಲ್ಲ. ಬರೆದು ಕೊಟ್ಟು ಓಡಿಹೋಗಬಹುದು.

ಹನ್ನೊಂದು ಗಂಟೆಗೆ ಸಾಹೇಬರ ಕೋಣೆಯಲ್ಲಿ ಇಡೀ ಕಚೇರಿ ಸೇರಿತ್ತು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಕಟ್ಟಿ, ಗೋಡೆಯ ಹತ್ತಿರ ನಿಂತಿದ್ದರು. ಆದೇಶದ ಹಾಳೆ ಮೇಜಿನ ಮೇಲಿತ್ತು. ರುಜು ಒಂದು ಬಾಕಿ. ಸರ್ಟಿಫಿಕೇಟಣ್ಣ ಕನ್ನಡಕದೊಳಗಿಂದ ಮೇಜನ್ನು ತಡಕಿ, ತನ್ನ ಕಾಗದವನ್ನು ಇಟ್ಟು, ಬಾಗಿಲ ಕಡೆ ತಿರುಗಿ, ಬೀರುವಿಗೆ ಹಣೆ ಬಡಿದುಕೊಂಡು ನಿಂತ.

"ಏನಿದು?" ಎಂದು ಸಾಹೇಬರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಮೇಡಂ, ಓದಿ."

ಮೇಡಂ ತೆಗೆದುಕೊಂಡರು. "ಸರ್, ಅಕ್ಷರ ಎಲ್ಲ ಇರುವೆ ಥರ ಓಡಾಡ್ತಿವೆ." ಪಕ್ಕಕ್ಕೆ ದಾಟಿಸಿದರು.

"ಇದರ ತೂಕ ಬೇಕಾದ್ರೆ ಅಂದಾಜಲ್ಲಿ ಹೇಳ್ತೀನಿ," ಎಂದು ತೂಗುವವರು ಮುಂದಕ್ಕೆ ಕೊಟ್ಟರು.

ಮೊಹರು ಒತ್ತುವವರು ಬಹಳ ಹೊತ್ತು ನೋಡಿದರು. "ಕೆಳಗೆ ಎರಡು ರುಜು ಇದೆ ಸರ್. ಇಬ್ಬರು ಸೇರಿ ಬರೆದದ್ದು."

ಹೀಗೆ ಕಾಗದ ಕೈಯಿಂದ ಕೈಗೆ ಇಡೀ ಕೋಣೆ ಸುತ್ತಿತು. ಹಾಕಿಕೊಂಡರೂ ಕಾಣದು, ತೆಗೆದರೂ ಕಾಣದು ಎಂಬ ಸ್ಥಿತಿಯಲ್ಲಿದ್ದ ಅಷ್ಟೂ ಜನ ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಗೆ ಭಾವನ ಕೈಗೆ ಮುಟ್ಟಿಸಿದರು. ಭಾವನ ಕಣ್ಣು ಸರಿಯಿತ್ತು. ಅವರು ಮೌನವಾಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಮಡಚಿದರು. ಬೀರುವಿನ ಹತ್ತಿರ ಹೋಗಿ ಸರ್ಟಿಫಿಕೇಟಣ್ಣನ ಕೈಯಲ್ಲಿಟ್ಟರು.

"ಇದನ್ನ ನಾನು ಓದಿ ಹೇಳೋದು ಸರಿಯಲ್ಲ. ಬರೆದವನೇ ಓದ್ಲಿ."

ಸರ್ಟಿಫಿಕೇಟಣ್ಣ ಕನ್ನಡಕ ತೆಗೆದ. ಐದು ದಿನಗಳ ನಂತರ ಎಲ್ಲರ ಮುಖಗಳೂ ಒಂದೊಂದಾಗಿ, ಹತ್ತಿರದಲ್ಲಿ, ಸ್ಪಷ್ಟವಾಗಿ ಕಂಡವು. ಅದಕ್ಕಿಂತ ಮಸುಕೇ ವಾಸಿ ಎನಿಸಿತು. ಕಾಗದ ಬಿಚ್ಚಿ ಓದಿದ. ಹದ್ದಿನ ಕಣ್ಣು, ಬೇಡವೆಂದ ಸೊನ್ನೆ, ಖಾಲಿ ಚೌಕ, ನಾಲ್ಕು ದಿನದ ಕ್ವೆರಿ, ನೋಡದೆ ಒತ್ತಿಸಿದ ಮೊಹರು, ಮಧ್ಯಾಹ್ನದ ನಿದ್ದೆ, ಒಂದನ್ನೂ ಬಿಡದೆ ಓದಿದ. "ಅಂಗಡಿಯವರದು ಏನೇನೂ ತಪ್ಪಿಲ್ಲ" ಎಂಬ ಕಡೆ ದನಿ ಸ್ವಲ್ಪ ಒಡೆಯಿತು. ಅಲ್ಪವಿರಾಮಗಳನ್ನು ಮಾತ್ರ ಚೆನ್ನಾಗಿ ನಿಭಾಯಿಸಿದ.

ಮೇಡಂ ಬೆರಳಲ್ಲೇ ಏನೋ ಎಣಿಸಿದರು. "ಅಂದ್ರೆ, ಎಲ್ಲರ ಕನ್ನಡಕವೂ ಇಲ್ಲೇ ಇದೆ?"

"ಇದೆ ಮೇಡಂ."

"ಒಬ್ಬೊಬ್ಬರು ತಮ್ಮದನ್ನ ಪಕ್ಕದವರಿಗೆ ದಾಟಿಸಿದ್ರೆ ಆಯ್ತಲ್ಲ? ಎಲ್ರೂ ಸರದಿ ಪ್ರಕಾರ ನಿಂತ್ಕೊಳ್ಳಿ!"

ಹನ್ನೆರಡು ಜನ ಕಚೇರಿಗೆ ಸೇರಿದ ದಿನಾಂಕದ ಪ್ರಕಾರ ಗೋಡೆಯುದ್ದಕ್ಕೂ ನಿಂತರು. ಮೊದಲಿಗೆ ಸರ್ಟಿಫಿಕೇಟಣ್ಣ, ಕೊನೆಗೆ ಸಾಹೇಬರು. ಮೇಡಂ "ಹೂಂ" ಎಂದರು. ಸರ್ಟಿಫಿಕೇಟಣ್ಣನದು ತೂಗುವವರಿಗೆ, ತೂಗುವವರದು ಮೇಡಂಗೆ, ಮೇಡಂ ಕೈಯಲ್ಲಿದ್ದದ್ದು ಅವರಾಚೆಯವರಿಗೆ ಹೋಯಿತು. "ಅಯ್ಯೋ, ತಕ್ಕಡಿ!" ಎಂದು ತೂಗುವವರು ಬಾಗಿಲಾಚೆ ನೋಡಿ ಕೂಗಿದರು. ಮೊಹರು ಒತ್ತುವವರು ತಮ್ಮ ಹೆಬ್ಬೆರಳನ್ನು ನೋಡಿ, "ಒಂದೇ ಇದೆ!" ಎಂದು ಕಣ್ಣಿಗೊತ್ತಿಕೊಂಡರು. ಸಾಹೇಬರ ಕೈಗೆ ಅವರದು ಬಂತು. ಅವರ ಬರೀ ಗಾಜಿನ ಕನ್ನಡಕ ಸುತ್ತಿ ಬಂದು ಸರ್ಟಿಫಿಕೇಟಣ್ಣನಿಗೆ ಸೇರಿತು. ಇಡೀ ಜೋಡಣೆಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅದೂ ಕೈಯಲ್ಲೇ.

ಸಾಹೇಬರು ಕಣ್ಣು ಮಿಟುಕಿಸಿದರು. ಈ ಕಚೇರಿಗೆ ಗೋಡೆಗಳಿರುವುದನ್ನು ಮೊದಲ ಸಲ ಕಂಡರು. ಆದೇಶದ ಹಾಳೆಯನ್ನು ತಾವೇ ಓದಿ, ಎರಡು ಸೀಳಾಗಿ ಹರಿದು, ಭಾವನಿಗೆ ಕೈಮುಗಿದರು. ಆಮೇಲೆ ಸರ್ಟಿಫಿಕೇಟಣ್ಣನ ಎದುರು ಬಂದು ನಿಂತು ಅಡಿಯಿಂದ ಮುಡಿಯವರೆಗೆ ನೋಡಿದರು.

"ಗೊತ್ತು ಸರ್," ಎಂದ ಅವನು ತಲೆತಗ್ಗಿಸಿ. "ಆ ಕಿಟಕಿ ಕೋಣೆ ಇನ್ನು ನನಗೆ ಸಿಗೋದಿಲ್ಲ."

"ಯಾವ ಕೋಣೆ?"

"ಮಾಹಿತಿ ವಿಭಾಗದ್ದು. ಹೋದ ತಿಂಗಳು ಹಜಾರದಲ್ಲಿ ನಿಂತು ನೀವೇ ಹೇಳಿದ್ರಲ್ಲ ಸರ್, ನಿಮಗೇ ಅಂತ."

ಸಾಹೇಬರು ಅವನನ್ನು ನೋಡಿದರು, ಮೇಡಂ ಕಡೆ ನೋಡಿದರು, ಮತ್ತೆ ಅವನನ್ನು ನೋಡಿದರು. "ಅದು ನೀವಾ? ನಾನು ಹೇಳಿದ್ದು ಮೇಡಂಗೆ! ನನಗೆ ಎದುರಿಗೆ ಕಂಡಿದ್ದು ಬರೀ ನೀಲಿ. ಮೇಡಂ ದಿನಾ ನೀಲಿ ಸೀರೆ ಉಡ್ತಾರಲ್ಲ, ಅವರೇ ಅಂತ ನೀಲಿಗೆ ಹೇಳ್ದೆ."

"ಆವತ್ತು ನಾನು ರಜೆ ಸರ್," ಎಂದರು ಮೇಡಂ. "ಅದಕ್ಕೇ ನಂಗೆ ವಿಷಯವೇ ಗೊತ್ತಿಲ್ಲ."

"ಹಾಗಾದ್ರೆ ಈಗ ಹೇಳ್ತಿದೀನಿ. ನಿಮಗೇ."

ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು. ಆಮೇಲೆ ಇಡೀ ಕೋಣೆ ನಕ್ಕಿತು. ಕಳೆದುಕೊಳ್ಳುತ್ತೇನೆಂದು ಒಂದು ಹಗಲೂ ಒಂದು ರಾತ್ರಿಯೂ ಬೆವರಿದ ಕೋಣೆ ಅರೆಗಳಿಗೆಯೂ ತನ್ನದಾಗಿರಲಿಲ್ಲ ಎಂದು ತಿಳಿದ ಸರ್ಟಿಫಿಕೇಟಣ್ಣ, ಬೇಸರ ಪಡುವುದೋ ಸಮಾಧಾನ ಪಡುವುದೋ ಗೊತ್ತಾಗದೆ, ಬಾಗಿಲ ಪಕ್ಕದ ತನ್ನ ಮೇಜಿಗೆ ಹೋಗಿ ಕೂತ. ಡ್ರಾಯರು ಮೊಣಕಾಲಿಗೆ ತಗುಲಿತು.

ಭಾವ ಹೊರಡುವಾಗ ಅಲ್ಲಿ ನಿಂತರು. ಅವನ ಮೂಗಿನ ಮೇಲಿದ್ದ ಬರೀ ಗಾಜನ್ನು ತೆಗೆದು, ತಮ್ಮ ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿದರು.

"ಸಂಜೆ ಮನೆಗೆ ಬರ್ತೀನಿ. ತಂಗಿಗೆ ಹೇಳ್ಬೇಕು."

"ಎಲ್ಲಾನೂ ಹೇಳ್ಬೇಡಿ ಭಾವ. ಆ ನೀಲಿ ವಿಷಯ ಒಂದು ಬಿಟ್ಟುಬಿಡಿ."

"ಅದನ್ನೇ ಮೊದಲು ಹೇಳ್ತೀನಿ," ಎಂದರು ಭಾವ. "ಅವಳು ನಕ್ಕು ಎರಡು ದಿನ ಆಯ್ತು."